ಯಾರ ರಟ್ಟಿಗೆ ಯಾವ ಸೂಜಿ

ಸೂಜಿ ಹಿಡಿದು ಎದುರಿಗೆ ನಿಂತವರ ಮುಂದೆ ಮನುಷ್ಯ ತನ್ನ ಸ್ವಭಾವವನ್ನು ಬಚ್ಚಿಡಲಾರ. ಇಪ್ಪತ್ತೆಂಟು ವರ್ಷ ನರ್ಸ್ ಆಗಿ, ಮಂದಿಯ ಬಾಯಲ್ಲಿ 'ಬಾಯಾರ' ಆಗಿ ದುಡಿದ ಮೇಲೆ ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ. ಅದರಲ್ಲೂ ಈಚಿನ ಕೆಲವು ವರ್ಷ ನಾನು ಮಾಡಿದ ಕೆಲಸದಲ್ಲಂತೂ ನಗು ಬಾರದ ವಾರವೇ ಇರಲಿಲ್ಲ.

ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಸರ್ಪಸುತ್ತಿನ ಲಸಿಕೆಯ ಸಂಶೋಧನೆ ನಡೆದಿತ್ತು. ನಮ್ಮ ಕಡೆ ಆ ಬೇನೆಗೆ ನಾಗಿಣ ಅನ್ನುತ್ತಾರೆ. ಸೊಂಟಕ್ಕೋ ಬೆನ್ನಿಗೋ ಒಂದೇ ಬದಿಗೆ ಸಾಲಾಗಿ ಗುಳ್ಳೆ ಏಳುತ್ತವೆ, ಬೆಂಕಿ ಇಟ್ಟ ಹಾಗೆ ಉರಿಯುತ್ತದೆ. ಐವತ್ತು ದಾಟಿದವರನ್ನು ಕರೆದು ಎರಡು ಸೂಜಿ ಹಾಕುವುದು, ಆಮೇಲೆ ಎರಡು ವರ್ಷ ಅವರ ಬೆನ್ನು ಬಿಡದೆ ವಿಚಾರಿಸುವುದು ನನ್ನ ಕೆಲಸ. ಅರ್ಧ ಮಂದಿಗೆ ಲಸಿಕೆ, ಇನ್ನರ್ಧ ಮಂದಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂಬುದು ಹಾಕಿಸಿಕೊಂಡವರಿಗೂ ಗೊತ್ತಿಲ್ಲ, ವಿಚಾರಿಸುವ ನಮಗೂ ಗೊತ್ತಿಲ್ಲ. ಅದು ಕಂಪ್ಯೂಟರಿನೊಳಗೆ ಬೀಗ ಹಾಕಿಕೊಂಡು ಕೂತಿರುತ್ತದೆ. ಎಲ್ಲ ಮುಗಿದ ಮೇಲೆ ಬೀಗ ತೆಗೆದು, ಉಪ್ಪುನೀರಿನವರಿಗೆ ಖರೇ ಲಸಿಕೆ ಹಾಕುವುದು ಎಂದು ಕರಾರು. ಇಷ್ಟು ಸರಳ ಮಾತನ್ನು ಹೇಳಿ ಹೇಳಿ ನನ್ನ ಗಂಟಲೇ ಹೋಯಿತು.

1. ಸ್ವಂತ ಇಚ್ಛೆ

ಖಾನಾಪುರದಾಚೆಯ ಒಂದು ಹಳ್ಳಿಯಿಂದ ಕುರಿ ಕಾಯುವ ಅಜ್ಜ, ಅವರ ಹೆಂಡತಿ ಅಜ್ಜಿ ಬಂದಿದ್ದರು. ಬರಲು ಕಾರಣ ಅಜ್ಜಿಯ ಅಕ್ಕ. ದೇಸೂರಿನಲ್ಲಿರುವ ಆ ಅಕ್ಕನಿಗೆ ನಾಗಿಣ ಎದ್ದು ಗುಳ್ಳೆಗಳೇನೋ ಮಾಯ್ದವು, ಉರಿ ಮಾತ್ರ ಹೋಗಲಿಲ್ಲ. ನಾಲ್ಕು ವರ್ಷವಾದರೂ ಆಕೆಗೆ ಸೀರೆಯ ಸೆರಗು ಸೊಂಟಕ್ಕೆ ತಾಗಿದರೆ ಜೀವ ಹೋದ ಹಾಗೆ ಆಗುತ್ತದೆ. ವಾರಕ್ಕೊಮ್ಮೆ ಹೋಗಿ ಅದನ್ನು ನೋಡಿ ಬರುವ ಅಜ್ಜಿಗೆ ಇದ್ದದ್ದು ಒಂದೇ ಚಿಂತೆ, ತಮ್ಮ ಮನೆಗೆ ಆ ಬೇನೆ ಬರಬಾರದು.

ಒಪ್ಪಿಗೆಯನ್ನು ಕ್ಯಾಮೆರಾ ಮುಂದೆ ಹೇಳಬೇಕು, ಅದೂ ಒಬ್ಬೊಬ್ಬರೇ. ಹೊಸ ರುಮಾಲು ಸುತ್ತಿ, ಹೆಗಲಿಗೆ ಕಂಬಳಿ ಹಾಕಿಕೊಂಡು ಬಂದಿದ್ದ ಅಜ್ಜ ಒಬ್ಬರೇ ಕೂರಲು ತಯಾರಿಲ್ಲ. ಒಬ್ಬನೇ ಕೂತ ಫೋಟೋಕ್ಕೆ ಹಾರ ಹಾಕುತ್ತಾರೆ, ನನಗಿನ್ನೂ ಆ ಹೊತ್ತು ಬಂದಿಲ್ಲ ಎಂದರು. ಕೊನೆಗೆ ಅಜ್ಜಿಯನ್ನು ಕ್ಯಾಮೆರಾಕ್ಕೆ ಕಾಣದ ಹಾಗೆ ಬಾಜೂ ಕುರ್ಚಿಯಲ್ಲಿ ಕೂರಿಸಿದೆವು. ಡಾಕ್ಟರು ಎಲ್ಲ ವಿವರಿಸಿ, ಯಾರ ಒತ್ತಾಯವೂ ಇಲ್ಲದೆ ಸ್ವಂತ ಇಚ್ಛೆಯಿಂದ ಬಂದಿರೇನು ಎಂದು ಕೇಳಿದರು. ಅಜ್ಜ ಅಜ್ಜಿಯ ಕಡೆ ತಿರುಗಿದರು. ಡಾಕ್ಟರು ಮತ್ತೆ ಕೇಳಿದರು. ಅಜ್ಜ ಮತ್ತೆ ತಿರುಗಿದರು. ಕ್ಯಾಮೆರಾ ಕಡೆ ನೋಡಿ ಹೇಳಿ, ಇದು ನಿಮ್ಮ ಇಚ್ಛೆಯ ಮಾತು ಎಂದು ಡಾಕ್ಟರು ಅಂದಾಗ ಅಜ್ಜ ಬೇಜಾರಿನಿಂದಲೇ ಹೇಳಿದರು:

"ಸಾಹೇಬ್ರ, ನಮ್ಮ ಮನ್ಯಾಗ ಇಚ್ಛಾ ಅನ್ನೂದೆಲ್ಲಾ ಆಕಿ ಕಡೇನ ಇರತೈತ್ರಿ."

ಹಾಗೆಂದರೆ ನಡೆಯುವುದಿಲ್ಲವಲ್ಲ. ಅಜ್ಜಿಯನ್ನು ಹೊರಗೆ ಕಳಿಸಿ, ಹಾರದ ಭಯ ಬಿಡಿಸಿ, ಮೊದಲಿನಿಂದ ಕೇಳಿದೆವು. ಆಗ ಅಜ್ಜ ಕ್ಯಾಮೆರಾ ನೋಡಿ ನೆಟ್ಟಗೆ ಒಪ್ಪಿದರು. ಹೊರಗೆ ಬಂದವರೇ ಅಜ್ಜಿಯ ಹತ್ತಿರ ಹೋಗಿ, ನಾನು ಹೇಳಿದ್ದು ಬರೋಬರಿ ಆಯಿತೇ ಎಂದು ಕೇಳಿದರು.

2. ಚೀಟಿ ಇಲ್ಲದ ಡಾಕ್ಟರು

ಸೂಜಿ ಹಾಕಿದ ಮೇಲೆ ಅರ್ಧ ತಾಸು ಕೂರಿಸಿಕೊಂಡು ನೋಡುವುದು ನಿಯಮ. ಮಂದಿಯನ್ನು ಹಿಡಿದು ಕೂರಿಸುವುದಿದೆಯಲ್ಲ, ಬೆಕ್ಕುಗಳನ್ನು ತಕ್ಕಡಿಯಲ್ಲಿ ಕೂರಿಸಿದ ಹಾಗೆ. ಒಬ್ಬರಿಗೆ ಚಹಾ, ಒಬ್ಬರಿಗೆ ಬಸ್ಸು, ಒಬ್ಬರಿಗೆ ತಂಬಾಕು.

ಅಜ್ಜ ಅಜ್ಜಿ ಮೊದಲ ಸೂಜಿ ಹಾಕಿಸಿಕೊಂಡ ದಿನ ಅವರು ಕೂತ ಕೋಣೆಯಲ್ಲಿ ಜೈಲಿನ ಕಾವಲು ಕೆಲಸದಿಂದ ನಿವೃತ್ತರಾಗಿ ಹಿಂಡಲಗಾದಲ್ಲಿ ಮನೆ ಮಾಡಿಕೊಂಡಿರುವವರೊಬ್ಬರೂ ಸೂಜಿ ಹಾಕಿಸಿಕೊಂಡು ಕೂತಿದ್ದರು. ಅರ್ಧ ತಾಸು ಯಾರೂ ಹೊರಗೆ ಹೋಗಬಾರದು ಎಂದು ನಾನು ಎಲ್ಲರಿಗೂ ಹೇಳಿದ್ದನ್ನು ಅವರು ತಮಗೆ ಒಪ್ಪಿಸಿದ ಕರ್ತವ್ಯ ಎಂದುಕೊಂಡರು. ಕುರ್ಚಿಯನ್ನು ಬಾಗಿಲಿಗೆ ಅಡ್ಡ ಎಳೆದುಕೊಂಡರು. ಎಲ್ಲರ ಕೈಯಲ್ಲಿ ಸೂಜಿ ಹಾಕಿದ ಹೊತ್ತು ಬರೆದ ಚೀಟಿ ಇತ್ತು. ಅದನ್ನು ನೋಡಿ ಒಬ್ಬೊಬ್ಬರಿಗೂ ಬಿಡುಗಡೆಯ ಹೊತ್ತು ಹೇಳಿದರು. ಐದೈದು ನಿಮಿಷಕ್ಕೆ ತಲೆ ಎಣಿಸಿದರು. ಕುರಿ ಅಜ್ಜ ತಂಬಾಕು ಉಗುಳಲು ಎದ್ದರೆ ಮೋರಿಯ ತನಕ ಜೊತೆಗೆ ಹೋಗಿ, ಜೊತೆಗೆ ವಾಪಸು ಕರೆತಂದರು. ನನಗೆ ಪರಮ ಸಂತೋಷ. ನಾನು ನಿಶ್ಚಿಂತೆಯಿಂದ ಚಹಾಕ್ಕೆ ಹೋದೆ.

ಬಂದು ನೋಡಿದರೆ ನಮ್ಮ ಡಾಕ್ಟರು ಮಂದಿಯ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೈ ಕಟ್ಟಿಕೊಂಡು ಕೂತಿದ್ದಾರೆ. ಯಾರಿಗಾದರೂ ತಲೆ ತಿರುಗುತ್ತಿದೆಯೇ ಎಂದು ನೋಡಲು ಒಳಗೆ ಬಂದಿದ್ದರಂತೆ, ಹೊರಗೆ ಹೋಗಲು ಬಿಟ್ಟಿಲ್ಲ. ಇವರು ಡಾಕ್ಟರು ಎಂದು ನಾನು ಹೇಳಿದೆ. ಬಾಗಿಲಿನವರು ಕದಲಲಿಲ್ಲ.

"ಇರಬಹುದ್ರಿ ಬಾಯಾರ. ಆದ್ರ ಚೀಟಿ ಇಲ್ಲ. ಒಳಗ ಬಂದದ್ದ ಬರದಿಲ್ಲ ಅಂದ್ರ ಹೊರಗ ಹೆಂಗ ಬಿಡೂದು?"

ಕಡೆಗೆ ನಾನೇ ಡಾಕ್ಟರಿಗೊಂದು ಚೀಟಿ ಬರೆದುಕೊಟ್ಟೆ.

3. ಹತ್ತಿದ ಸೂಜಿ

ಮರುದಿನ ಎಲ್ಲರಿಗೂ ಫೋನು ಮಾಡಿ ವಿಚಾರಿಸಬೇಕು. ಅಜ್ಜಿಗೆ ರಟ್ಟೆ ಬಾತಿತ್ತು, ಮೈ ಬಿಸಿಯಾಗಿತ್ತು, ಧ್ವನಿಯಲ್ಲಿ ಮಾತ್ರ ಹಬ್ಬ. ಚಲೋ ಹತ್ತೈತ್ರಿ ಬಾಯಾರ, ಚಲೋ ಹತ್ತೈತಿ ಎಂದು ಎರಡೆರಡು ಸಲ ಹೇಳಿದರು, ಸೂಜಿ ಮೈಗೆ ಚೆನ್ನಾಗಿ ಹಿಡಿಯಿತು ಎಂಬ ಅರ್ಥದಲ್ಲಿ. ಓಣಿಯ ಹೆಂಗಸರೆಲ್ಲ ಬಂದು ಆ ಬಾತ ರಟ್ಟೆಯನ್ನು ಬಾಣಂತಿಯ ಕೂಸು ನೋಡಿದ ಹಾಗೆ ನೋಡಿ ಹೋಗಿದ್ದರಂತೆ. ನೋಡಿದವರಲ್ಲಿ ನಾಲ್ಕು ಮಂದಿ ತಾವೂ ಬರುತ್ತೇವೆ ಎಂದರಂತೆ.

ಅಜ್ಜನಿಗೆ ಏನೂ ಆಗಿರಲಿಲ್ಲ. ನೋವಿಲ್ಲ, ಜ್ವರವಿಲ್ಲ, ಹುಡುಕಿದರೆ ಸೂಜಿ ಚುಚ್ಚಿದ ಗುರುತೂ ಸಿಗಲಿಲ್ಲ. ತಮಗೆ ಮೋಸ ಆಗಿದೆ, ಇನ್ನೊಮ್ಮೆ ಸರಿಯಾಗಿ ಚುಚ್ಚಬೇಕು ಎಂದು ಅವರ ತಕರಾರು. ನಮ್ಮ ಮಂದಿಗೆ ನೋಯದ ಸೂಜಿ ಅಂದರೆ ಖಾರ ಇಲ್ಲದ ಚಟ್ನಿ, ಯಾರಿಗೂ ನಂಬಿಕೆ ಇಲ್ಲ.

ನಾನು ಅಜ್ಜಿಗೆ ಸಾವಧಾನವಾಗಿ ಹೇಳಿದೆ. ಜ್ವರ ಬಂದ ಮಾತ್ರಕ್ಕೆ ಲಸಿಕೆ ಎಂದಲ್ಲ, ಉಪ್ಪುನೀರಿನವರಿಗೂ ಜ್ವರ ಬರಬಹುದು, ಏನೂ ಆಗದವರಿಗೆ ಲಸಿಕೆಯೇ ಬಿದ್ದಿರಬಹುದು, ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಅಜ್ಜಿ ಪೂರ್ತಿ ಕೇಳಿಸಿಕೊಂಡು ನನಗೇ ಸಮಾಧಾನ ಹೇಳಿದರು:

"ಇರ್ಲಿ ಬಿಡ್ರಿ ಬಾಯಾರ, ನಿಮಗ ಗೊತ್ತಿಲ್ದಿದ್ರ ಏನಾತು. ನನಗ ಗೊತ್ತಾತಲ್ಲ."

4. ನೋವಿಗೆ ಅಂಕ

ಶಿವಬಸವ ನಗರದ ನಿವೃತ್ತ ಹೆಡ್‌ಮಾಸ್ತರರ ಕಥೆ ಬೇರೆ. ಪ್ರತಿಯೊಬ್ಬರಿಗೂ ಒಂದು ಪುಸ್ತಕ ಕೊಡುತ್ತೇವೆ. ಏಳು ದಿನ ರಟ್ಟೆಯ ನೋವಿಗೆ ಸೊನ್ನೆಯಿಂದ ಹತ್ತರ ತನಕ ಎಷ್ಟೆಂದು ಅದರಲ್ಲಿ ಬರೆಯಬೇಕು. ತಡೆಯಲಾರದಷ್ಟು ನೋವಿದ್ದರೆ ಹತ್ತು.

ಮೂರನೆಯ ದಿನ ಅವರ ಹೆಂಡತಿಯೇ ಫೋನು ಮಾಡಿದರು. ಇವರು ಎರಡು ದಿನದಿಂದ ಕೈ ಎತ್ತಲಾರರು, ಅಂಗಿ ನಾನೇ ತೊಡಿಸುತ್ತಿದ್ದೇನೆ, ಊಟಕ್ಕೂ ನರಳುತ್ತಾರೆ ಎಂದರು. ನಾನು ಗಾಬರಿಯಾಗಿ ಮನೆಗೇ ಹೋದೆ. ಪುಸ್ತಕ ತೆಗೆದು ನೋಡಿದರೆ ಕೆಂಪು ಶಾಯಿಯಲ್ಲಿ ದಿನ ದಿನವೂ ಹತ್ತಕ್ಕೆ ನಾಲ್ಕು ಅಂಕ, ಕೆಳಗೆ ಸಹಿ, ಪಕ್ಕದಲ್ಲಿ 'ಸುಧಾರಿಸಬೇಕು' ಎಂಬ ಷರಾ. ಸರ್, ಇಷ್ಟು ನೋವಿದ್ದರೆ ಒಂಬತ್ತಾದರೂ ಬರೆಯಬೇಕಲ್ಲ ಎಂದೆ. ಅವರು ನೋವಿನಲ್ಲೂ ಬೆನ್ನು ನೆಟ್ಟಗೆ ಮಾಡಿದರು.

"ಮೂವತ್ನಾಲ್ಕ ವರ್ಷ ಸಾಲಿ ಕಲಿಸೇನಿ. ಹುಷಾರ್ ಹುಡುಗರಿಗೇ ಒಂಬತ್ತ ಕೊಟ್ಟಿಲ್ಲ, ಈ ರಟ್ಟಿಗೆ ಕೊಡ್ಲೇನು?"

5. ಬೆನ್ನಿನ ಮೇಲಿನ ಹಾವು

ಎರಡನೆಯ ಸೂಜಿಯಲ್ಲೂ ಹಾಗೆಯೇ ಆಯಿತು. ಅಜ್ಜಿಗೆ ಜ್ವರ, ಅಜ್ಜನಿಗೆ ಏನೂ ಇಲ್ಲ. ಅಲ್ಲಿಗೆ ಅಜ್ಜಿ ತೀರ್ಪು ಬರೆದುಬಿಟ್ಟರು. ತನಗೆ ಖರೇ ಸೂಜಿ, ಗಂಡನಿಗೆ ನೀರು. ಅಂದರೆ ನಾಗಿಣ ಬರುವುದಾದರೆ ಗಂಡನಿಗೇ. ನಾಗಿಣ ಏಳುವುದು ಮೈಯ ಉಷ್ಣಕ್ಕೆ ಎಂಬುದು ಅವರ ನಂಬಿಕೆ. ಹಾಗಾಗಿ ಅವತ್ತಿನಿಂದ ಗಂಡನನ್ನು ತಂಪು ಇಡುವುದೇ ಅವರ ವ್ರತವಾಯಿತು. ಕುರಿಗಳ ಹಿಂದೆ ಬಿಸಿಲಲ್ಲಿ ಹೋಗುವುದು ಬಂದ್. ಮೈದುನ ಕುರಿ ಒಯ್ಯುತ್ತಾನೆ. ದಿನಕ್ಕೆ ಮೂರು ಸಲ ಮಜ್ಜಿಗೆ, ನೆತ್ತಿಗೆ ಔಡಲೆಣ್ಣೆ, ಹಗಲೆಲ್ಲ ಹುಣಸೆಮರದ ನೆರಳಲ್ಲಿ ಹೊರಸಿನ ಮೇಲೆ ಮಲಗುವುದು. ಸಂಜೆಗೊಮ್ಮೆ ಬೆನ್ನು ತಿರುಗಿಸಿ ನೋಡುವುದು.

ಒಂದು ದಿನ ಫೋನು ಬಂತು. ಅಜ್ಜಿ ಅಳುತ್ತಿದ್ದರು. ಬೆನ್ನಿಗೆ ನಾಗಿಣ ಎದ್ದಿದೆ, ಬಾಲ ಸೊಂಟದ ಕಡೆ ಹೊರಟಿದೆ, ತಲೆಗೂ ಬಾಲಕ್ಕೂ ಗಂಟು ಬಿದ್ದರೆ ಮನುಷ್ಯ ಉಳಿಯುವುದಿಲ್ಲ, ಲಗೂನ ಬರ್ರಿ ಎಂದರು. ಹಾಗೆ ಗಂಟು ಬೀಳುವುದಿಲ್ಲ, ಬಿದ್ದರೂ ಸಾಯುವುದಿಲ್ಲ ಎಂದು ಎಷ್ಟು ಹೇಳಿದರೂ ಅವರಿಗೆ ಕೇಳಿಸಲಿಲ್ಲ. ಡಾಕ್ಟರು, ನಾನು ಜೀಪು ಹತ್ತಿ ಓಡಿದೆವು. ಹೋಗಿ ನೋಡಿದರೆ ಅಜ್ಜನ ಬೆನ್ನಿಗೆ ಯಾರೋ ನಾಗಿಣಕ್ಕೆ ಮದ್ದೆಂದು ಕೆಮ್ಮಣ್ಣು ಮೆತ್ತಿ ಹೋಗಿದ್ದಾರೆ. ಅಜ್ಜಿಯೇ ನೀರು ತಂದು ಬೆನ್ನು ತೊಳೆದರು. ಅಕ್ಕನ ಸೊಂಟವೇ ಅವರ ಕಣ್ಣ ಮುಂದೆ ಇತ್ತೆಂದು ನನಗೆ ಗೊತ್ತು.

ಮಣ್ಣು ಹೋದ ಮೇಲೆ ಡಾಕ್ಟರು ಬೆನ್ನು ನೋಡಿದರು. ಕೆಂಪು ಗೆರೆಗಳು ನೇರವಾಗಿ ಸಾಲು ಸಾಲು ಇದ್ದವು, ನಡುವೆ ಅಡ್ಡ ಗೆರೆಗಳೂ ಇದ್ದವು. ಆಮೇಲೆ ಹೊರಸು ನೋಡಿದರು. ಮತ್ತೆ ಬೆನ್ನು ನೋಡಿದರು. ಬರಿಮೈಯಲ್ಲಿ ಹಗಲೆಲ್ಲ ಹಗ್ಗದ ಹೊರಸಿನ ಮೇಲೆ ಅಂಗಾತ ಬಿದ್ದುಕೊಂಡರೆ ಇನ್ನೇನಾದೀತು? ಒಂದು ಕಂಬಳಿಯನ್ನಾದರೂ ಹಾಸಿಕೊಳ್ಳಬಾರದೇ ಅಜ್ಜಾ ಎಂದು ಡಾಕ್ಟರು ಕೇಳಿದರು. ಅಜ್ಜ ಹೆಂಡತಿಯ ಕಡೆ ನೋಡಿ, ಧ್ವನಿ ಇಳಿಸಿ ಹೇಳಿದರು:

"ಕಂಬಳಿ ಉಷ್ಣ ಅಂತ ತಗದಿಟ್ಟಾಳ್ರಿ. ಕುರಿಯವ್ನ ಮನ್ಯಾಗ ಕಂಬಳಿ ಪೆಟಿಗ್ಯಾಗ ಐತಿ."

6. ಬೀಗ ತೆಗೆದ ದಿನ

ಎರಡು ವರ್ಷ ಮುಗಿಯಿತು, ಕಂಪ್ಯೂಟರಿನ ಬೀಗ ತೆಗೆದರು. ಪಟ್ಟಿಯಲ್ಲಿ ನಾನು ಮೊದಲು ಹುಡುಕಿದ್ದು ಆ ಇಬ್ಬರ ನಂಬರು. ಅಜ್ಜನಿಗೆ ಬಿದ್ದದ್ದು ಲಸಿಕೆ. ಅಜ್ಜಿಗೆ ಎರಡು ಸಲವೂ ಉಪ್ಪುನೀರು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡು ವರ್ಷ ಅಜ್ಜಿ ಧೈರ್ಯವಾಗಿ ಅಕ್ಕನ ಆರೈಕೆ ಮಾಡಿದ್ದರು, ತಮ್ಮ ಬಗ್ಗೆ ನಿಶ್ಚಿಂತೆಯಿಂದ ಇದ್ದರು. ಇದನ್ನು ಫೋನಿನಲ್ಲಿ ಹೇಳಲು ಮನಸ್ಸು ಬರಲಿಲ್ಲ, ಯಾರಿಗೆ ಯಾವುದು ಎಂದು ಬರೆದ ಇಬ್ಬರ ಪತ್ರ ಹಿಡಿದುಕೊಂಡು ನಾನೇ ಹೋದೆ.

ಅಜ್ಜಿ ದೇಸೂರಿಗೆ ಹೋಗಿದ್ದರು, ಬರುವ ಹೊತ್ತಾಗಿತ್ತು. ಅಜ್ಜ ಹೊರಸಿನ ಮೇಲೆ ಮಜ್ಜಿಗೆಯ ತಂಬಿಗೆ ಹಿಡಿದು ಕೂತಿದ್ದರು. ಅವರ ಪತ್ರವನ್ನು ಅವರಿಗೆ ಓದಿ ಹೇಳಿದೆ. ಅಜ್ಜ ತಮ್ಮ ರಟ್ಟೆಯನ್ನು ತಿರುಗಿಸಿ ನೋಡಿಕೊಂಡರು. ಆಕಿದು ಏನಂತ ಎಂದು ಕೇಳಿದರು. ಅದನ್ನು ಅವರಿಗೇ ಹೇಳಬೇಕು ಎಂದೆ. ನನ್ನ ಮುಖ ನೋಡಿ ಅವರಿಗೆ ತಿಳಿದುಹೋಯಿತು.

"ಹೇಳಾಕ ಬೇಕೇನ್ರಿ ಬಾಯಾರ?" ಎಂದರು ಮೆಲ್ಲಗೆ. "ಎರಡ ವರ್ಷಾತು, ಬಿಸಲ ನೋಡಿಲ್ರಿ ನಾ. ಮಜ್ಜಿಗಿ ಕೈಗೆ ತಂದ ಕೊಡ್ತಾಳ. ಲಗ್ನ ಆದಾಗೂ ಇಷ್ಟ ಮಾಡಿರಲಿಲ್ಲ."

ಹೇಳದಿದ್ದರೆ ಅವರಿಗೆ ಲಸಿಕೆ ಹಾಕಲು ಆಗುವುದಿಲ್ಲವಲ್ಲ ಅಜ್ಜಾ, ಅಕ್ಕನ ಹಾಗೆ ಆದರೆ ಎಂದೆ. ಅಜ್ಜ ತಂಬಿಗೆಯಲ್ಲಿದ್ದದ್ದನ್ನು ಪೂರ್ತಿ ಕುಡಿದು ಕೆಳಗಿಟ್ಟರು.

ಅಜ್ಜಿ ಬಂದು ಚಪ್ಪಲಿ ಬಿಡುವುದರೊಳಗೆ, ನಾನು ಬಾಯಿ ತೆರೆಯುವ ಮೊದಲೇ, ಅಜ್ಜನೇ ಹೇಳಿಬಿಟ್ಟರು. "ನಂದ ಖರೇ ಸೂಜಿ ಅಂತ. ನಿಂದ ನೀರಂತ. ನಾಳೀನ ಬೆಳಗಾವಿಗೆ ಹೋಗೂಣು." ಅವರ ಮೇಲೆ ನನಗೆ ಎಷ್ಟು ಅಭಿಮಾನ ಬಂತೆಂದರೆ, ಪರರ ಗಂಡನಾದರೂ ಕಾಲು ಮುಟ್ಟಿ ನಮಸ್ಕಾರ ಮಾಡಬೇಕು ಅನಿಸಿತು.

ಅಜ್ಜಿ ನನ್ನ ಕೈಯಲ್ಲಿದ್ದ ಪತ್ರ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅಜ್ಜಿಯ ಮುಖ ಸಣ್ಣದಾಯಿತು, ಕಣ್ಣು ತುಂಬಿತು. ಹೊರಸಿನ ತುದಿಗೆ ಕೂತರು. ಅಕ್ಕನ ಸೊಂಟ ಈಗಷ್ಟೇ ನೋಡಿ ಬಂದಿದ್ದರು. ಮತ್ತೆ ಆ ಜ್ವರ ಯಾತರದ್ದು ಎಂದು ಕೇಳಿದರು. ಉಪ್ಪುನೀರಿನವರಿಗೂ ಜ್ವರ ಬರಬಹುದು ಎಂದು ಅವತ್ತೇ ಹೇಳಿದ್ದೆನಲ್ಲ ಎಂದೆ. ನಾಳೆ ಹಾಕಿಸಿಕೊಂಡರೆ ಅಲ್ಲಿಗೆ ಮುಗಿಯಿತೇ ಎಂದರು. ನಾಳೆ ಒಂದು, ಆಮೇಲೆ ಎರಡು ತಿಂಗಳಿಂದ ಆರು ತಿಂಗಳೊಳಗೆ ಇನ್ನೊಂದು, ಎರಡೂ ಆದಮೇಲೆಯೇ ಪೂರ್ತಿ ಬಲ ಎಂದು ಬಿಡಿಸಿ ಹೇಳಿದೆ.

"ಅಲ್ಲೀತನಾ ನಾ ಉಷ್ಣ ಆಗಬಾರದಲ್ಲ?"

ಉಷ್ಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ನಾನು ಎಷ್ಟನೆಯ ಸಲವೋ ಶುರು ಮಾಡಿದೆ. ಅಜ್ಜಿ ನನ್ನ ಮಾತು ಕೇಳುತ್ತಿರಲಿಲ್ಲ, ಗಂಡನನ್ನು ನೋಡುತ್ತಿದ್ದರು. ಅಜ್ಜ ಹೊರಸಿನಿಂದ ಎದ್ದರು. ಅಜ್ಜಿ ಕಾಲು ಮೇಲೆತ್ತಿ ನೀಟಾಗಿ ಅಡ್ಡಾದರು. ಒಲಿ ಮುಂದ ಕುಂದ್ರೂದು ಭಾಳ ಉಷ್ಣ ಎಂದು ಮರಕ್ಕೆ ಹೇಳಿದ ಹಾಗೆ ಹೇಳಿದರು. ಅಜ್ಜ ಖಾಲಿ ತಂಬಿಗೆ ಎತ್ತಿಕೊಂಡು ಒಳಗೆ ಹೋದರು. ಒಳಗಿಂದ ಪಾತ್ರೆ ಬಿದ್ದ ಸದ್ದು, ಮಜ್ಜಿಗೆ ಎಲ್ಲಿಟ್ಟಿ ಎಂಬ ಕೂಗು ಕೇಳಿಸಿತು.

ಅಜ್ಜಿ ನನ್ನ ಸೆರಗು ಹಿಡಿದು ಹತ್ತಿರ ಎಳೆದುಕೊಂಡರು. ಕಣ್ಣಲ್ಲಿ ಇನ್ನೂ ನೀರಿತ್ತು.

"ಬಾಯಾರ, ಎರಡನೇ ಸೂಜಿ ಆರ ತಿಂಗಳಿಗೇ ಬರೀರಿ."