ಅರ್ಧಕ್ಕೆ ನಿಂತ ಹದಿಮೂರರ ಮಗ್ಗಿ

ಆ ಭಾನುವಾರ ಬೆಳಗ್ಗೆ ಏಳು ನಲವತ್ತಕ್ಕೆ ನಮ್ಮ ಸೋದರಮಾವನ ಮಗ್ಗಿ ತಪ್ಪಿತು. ದಸರಾ ತಪ್ಪಿದರೂ ತಪ್ಪದ ಮಗ್ಗಿ ಅದು!

ಲೋಕವೆಲ್ಲ ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಿರುವಾಗ ಮಾವನ ಬಳಿ ಇರುವುದು ಮರದ ಪೆಟ್ಟಿಗೆಯಂಥ ಕ್ಯಾಮೆರಾ. ಗಾಜಿನ ಪ್ಲೇಟಿಗೆ ತಾವೇ ಮದ್ದು ಬಳಿದು, ಫೋಟೋ ಎಂಬುದು ಹುಟ್ಟಿದ ಕಾಲದವರ ಹಾಗೆ, ಮೈಸೂರಿನ ಕಂಬದ ಕಟ್ಟಡಗಳನ್ನೇ ತೆಗೆಯುತ್ತಾರೆ. ಲೆನ್ಸಿನ ಮುಚ್ಚಳ ತೆಗೆದ ಕೂಡಲೇ, ಬೆಳಕು ಎಷ್ಟು ಹೊತ್ತು ಬೀಳಬೇಕೆಂದು ಅಳೆಯಲು, ಮಗ್ಗಿ ಶುರು. ಬಿಸಿಲಿದ್ದರೆ ಎರಡರದು, ಮೋಡವಿದ್ದರೆ ಹದಿಮೂರರದು. ಮಗ್ಗಿ ಮುಗಿದರೆ ಮುಚ್ಚಳ. ಒಮ್ಮೆ ನಾಯಿಯೊಂದು ಕಾಲೆತ್ತಿ ಸ್ಟ್ಯಾಂಡಿನ ಜೊತೆ ಅವರ ಪ್ಯಾಂಟನ್ನೂ ತೋಯಿಸಿತು. ಮಾವ ಕೊನೆಯವರೆಗೂ ಹೇಳಿ, ಮುಚ್ಚಳ ಹಾಕಿ, ಆಮೇಲೆ ಬೈದರು!

ಕಂಬದ ಪಕ್ಕ ಒಬ್ಬರು ಅಲ್ಲಾಡದೆ ನಿಲ್ಲಲೇಬೇಕು. ಯಾಕೆ ಮಾವ ಎಂದರೆ, "ಅರಸರು ಅಷ್ಟು ದಪ್ಪ ಕಂಬ ಇಡ್ಸಿದ್ದು ಬರೀ ಸೂರು ಹೊರೋಕಲ್ಲ ಕಣೋ. ಒಳಗೆ ಬರೋನು 'ನಾನೆಷ್ಟು ಸಣ್ಣೋನು' ಅಂದ್ಕೊಳ್ಳಲಿ ಅಂತ. ಸಣ್ಣೋನೇ ಇಲ್ದಿದ್ರೆ ಕಂಬಕ್ಕೇನು ಬೆಲೆ?"

ಅಡುಗೆಮನೆಯಿಂದ ಅತ್ತೆ: "ಮದುವೆಯಾದ ವಾರಕ್ಕೇ ನನ್ನನ್ನೂ ನಿಲ್ಲಿಸಿದ್ರು. ಹೆಂಡ್ತಿ ಆದೆ ಅಂದ್ಕೊಂಡಿದ್ದೆ, ಆಗಿದ್ದು ಅಳತೆಕೋಲು ಕಣಪ್ಪ!"

ಆ ದಿನ ಲಕ್ಷ್ಮೀಪುರಂನ ಒಂದು ಪಾಳು ಬಂಗಲೆ. ಮೋಡ ಕವಿದಿತ್ತು. ಅಳತೆಕೋಲು ನಾನು. ತಲೆ ಮೇಲೆ ಗಾರೆಯ ಪುಡಿ ಉದುರಿತು.

"ಮಾವ, ಮೇಲಿಂದ ಏನೋ ಬೀಳ್ತಿದೆ."

"ಅಲ್ಲಾಡ್ಬೇಡ್ವೋ! ಹದಿಮೂರಾರ್ಲಿ ಎಪ್ಪತ್ತೆಂಟು, ಹದಿಮೂರೇಳ್ಲಿ..."

ಆಗ ಮೇಲೆ ನೋಡಿದರು. ಮಗ್ಗಿ ಅಲ್ಲಿಗೇ ಬಿಟ್ಟು ಓಡಿಬಂದು ನನ್ನನ್ನು ದಬ್ಬಿದರು. ಸೂರಿನಂಚಿನ ಗಾರೆಯ ದಪ್ಪ ತುಂಡು ಅವರ ಮೇಲೆ ಬಿತ್ತು. ಧೂಳಿನೊಳಗಿಂದ ಬಂದ ಮಾತು, "ಮುಚ್ಚಳ ಹಾಕೋ, ಪ್ಲೇಟ್ ಹಾಳಾಗ್ಬುಡುತ್ತೆ!" ಅಷ್ಟೇ. ಆಮೇಲೆ ಪ್ರಜ್ಞೆ ತಪ್ಪಿತು.

ತಲೆಗೆ ಆಪರೇಷನ್ ಆಯಿತು. ಡಾಕ್ಟರನ್ನು ಏನು ಕೇಳಿದರೂ "ನೋಡೋಣ" ಎನ್ನುತ್ತಿದ್ದರು. ನನಗೆ ಒಂದು ಗೀರೂ ಇಲ್ಲ! ಕಣ್ಣು ಮುಚ್ಚಿದರೆ "ಹದಿಮೂರೇಳ್ಲಿ" ಎಂದು ಕೇಳಿಸಿ ಎದ್ದು ಕೂರುತ್ತಿದ್ದೆ. ತೊಂಬತ್ತೊಂದು ಅಂತ ನಾನೇ ಹೇಳಿಕೊಂಡು ನೋಡಿದೆ. ಲೆಕ್ಕ ಸರಿಯಾಯಿತು, ನಿದ್ದೆ ಬರಲಿಲ್ಲ.

ಕೊನೆಗೆ ಒಂದು ಗುರುವಾರ ಮಾವನನ್ನು ಮನೆಗೆ ಕರೆತಂದೆವು. ಅವರ ಮಂಚದ ಪಕ್ಕದಲ್ಲೇ ನಾನು ಚಾಪೆ ಹಾಸಿಕೊಂಡೆ. ಸ್ವಲ್ಪ ಹೊತ್ತಿಗೆ ಗೋಡೆ ಅದುರುವಂಥ ಮಾವನ ಗೊರಕೆ ಶುರುವಾಯಿತು.

"ಇಷ್ಟು ವರ್ಷ ಈ ಗೊರಕೆಗೆ ಶಾಪ ಹಾಕ್ತಿದ್ದೆ ಕಣೋ," ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆ ಗೊರಕೆ ಕೇಳುತ್ತಲೇ ನಿದ್ದೆಹೋದ ನಾನು, ಬೆಳಗ್ಗೆ ಅತ್ತೆ ಕಾಫಿ ತಂದು ಎಬ್ಬಿಸಿದಾಗಲೇ ಎದ್ದಿದ್ದು.