ದೊಡ್ಡಮ್ಮ ಕ್ಯಾಮರಾಕ್ಕೆ ಪರೀಕ್ಷೆ ಇಟ್ಟದ್ದು

ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂದು ನಾನೂ ಶಾಲೆಯಲ್ಲಿ ಕಲಿತಿದ್ದೇನೆ. ಆದರೆ ನಮ್ಮ ದೊಡ್ಡಮ್ಮ ಕ್ಯಾಮರಾ ಕೈಗೆತ್ತಿಕೊಂಡ ಮೇಲೆ ಅದು ಅವರ ಅನುಮತಿ ಪಡೆದೇ ತಿರುಗುತ್ತಿತ್ತು ಎಂಬುದರಲ್ಲಿ ನನಗೆ ಈಗಲೂ ಸಂಶಯವಿಲ್ಲ!

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಕಾರ್ಕಳದ ಶಾಲೆಯೊಂದರಲ್ಲಿ ಬಹಳ ಕಾಲ ಗಣಿತ ಕಲಿಸಿ, ನಿವೃತ್ತಿಯಾದ ಮೇಲೆ ದೊಡ್ಡಪ್ಪನ ಜೊತೆ ಕಾಪುವಿನಲ್ಲಿ ನಮ್ಮ ಪಕ್ಕದ ಮನೆಗೆ ಬಂದು ನೆಲೆಸಿದವರು. ಅವರ ಹತ್ತಿರ ಕಪ್ಪು ಡಬ್ಬಿಯಂಥ ಹಳೆಯ ಕ್ಯಾಮರಾ ಒಂದಿತ್ತು. ಅದನ್ನು ಹೊಟ್ಟೆಗೆ ಒತ್ತಿ ಹಿಡಿದು, ಮೇಲಿನ ಗಾಜಿನಲ್ಲಿ ಇಣುಕಿ ನೋಡಬೇಕು. ಹಾಗಾಗಿ ಫೋಟೊ ತೆಗೆಯುವಾಗ ದೊಡ್ಡಮ್ಮನ ತಲೆ ತಗ್ಗುತ್ತಿತ್ತು. ಯಾರಿಗೂ ತಲೆಬಾಗದ ಟೀಚರು ತನ್ನೆದುರು ಬಾಗಿ ನಿಂತರು ಎಂದು ನಮ್ಮೂರಿನ ಶ್ರೀಮಂತರೊಬ್ಬರು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದರು. ಪಾಪ, ಅವರ ಫೋಟೊ ತೆಗೆದದ್ದು ಅಷ್ಟೇ ಅಂತ ಅವರಿಗೆ ಯಾರು ಹೇಳುವುದು?

ಆ ಡಬ್ಬಿಗೆ ಬಿಸಿಲು ಬೇಕು. ಬಿಸಿಲು ದೊಡ್ಡಮ್ಮನ ಬೆನ್ನಿಗೇ ಬೀಳಬೇಕು. ಅಂಬಲಪಾಡಿಯಲ್ಲಿ ಒಂದು ಮದುವೆ. ತಾಳಿ ಕಟ್ಟಿ ಆಗುವುದೇ ತಡ, ದೊಡ್ಡಮ್ಮ ವಧೂವರರನ್ನು ಚಪ್ಪರದಿಂದ ಅಂಗಳಕ್ಕೆ ಕರೆತಂದು ಸೂರ್ಯನಿಗೆ ಮುಖ ಮಾಡಿಸಿ ನಿಲ್ಲಿಸಿದರು. ಅಷ್ಟರಲ್ಲಿ ಮೋಡ ಬಂತು. ಊಟಕ್ಕೆ ತಡವಾಗುತ್ತದೆ ಎಂದು ಹುಡುಗಿಯ ತಂದೆ ಮೆಲ್ಲನೆ ಜ್ಞಾಪಿಸಿದರು. ಮುಹೂರ್ತಕ್ಕೆ ಅಷ್ಟು ಹೊತ್ತು ಕಾದವರಿಗೆ ಬಿಸಿಲಿಗೆ ಸ್ವಲ್ಪ ಕಾಯಲು ಎಂತ ಕಷ್ಟ ಎಂದು ಕೇಳಿದರು ದೊಡ್ಡಮ್ಮ. ಎಲ್ಲರೂ ಕಾದರು. ಪುರೋಹಿತರೂ ಆಕಾಶ ನೋಡುತ್ತಾ ಕಾದರು. ಮೋಡ ಸರಿಯಿತು, ಒಂದೇ ಒಂದು ಫೋಟೊ ಆಯಿತು. ಎರಡನೆಯದು ಎಂಬ ಪದ್ಧತಿ ಅವರಲ್ಲಿ ಇರಲಿಲ್ಲ. ಸರಿಯಾದ ಉತ್ತರವನ್ನು ಯಾರಾದರೂ ಎರಡು ಸಲ ಬರೆಯುತ್ತಾರಾ?

ಹೀಗಾಗಿ ನಮ್ಮ ಮನೆತನದ ಆಲ್ಬಮ್ಮಿನಲ್ಲಿ ಮಳೆಗಾಲವೇ ಇಲ್ಲ. ಅದನ್ನು ತಿರುವಿ ನೋಡಿದವರಿಗೆ ಕಾಪುವಿನಲ್ಲಿ ಮಳೆ ಬರುವುದಿಲ್ಲ, ಇಲ್ಲಿಯ ಮಕ್ಕಳು ಜೂನ್‌ನಿಂದ ಸೆಪ್ಟೆಂಬರ್ ತನಕ ಬೆಳೆಯುವುದೂ ಇಲ್ಲ ಎನಿಸಿದರೆ ಆಶ್ಚರ್ಯವಿಲ್ಲ.

ಎಂಬತ್ತರ ದಶಕದ ಒಂದು ಬೇಸಗೆಯಲ್ಲಿ ನನ್ನ ಅಣ್ಣ ದುಬೈಯಿಂದ ರಜೆಯಲ್ಲಿ ಬಂದ. ಬರುವಾಗ ದೊಡ್ಡಮ್ಮನಿಗೆಂದೇ ಅಂಗೈಯಗಲದ ಹೊಸ ಕ್ಯಾಮರಾ ತಂದಿದ್ದ. ದೂರ ಎಷ್ಟು ಎಂದು ಅದೇ ನೋಡಿಕೊಳ್ಳುತ್ತದೆ, ಬೆಳಕು ಕಡಿಮೆ ಇದ್ದರೆ ಅದರಲ್ಲೇ ಇರುವ ಫ್ಲ್ಯಾಶ್ ಹೊಳೆಯುತ್ತದೆ, ಫಿಲ್ಮನ್ನು ಅದೇ ಸುತ್ತಿಕೊಳ್ಳುತ್ತದೆ ಎಂದೆಲ್ಲ ವಿವರಿಸಿದ. ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಹಾಗಾದರೆ ಇದರಲ್ಲಿ ನನಗೆ ಎಂತ ಕೆಲಸ ಉಂಟು?"

"ಗುಂಡಿ ಒತ್ತುವುದು, ದೊಡ್ಡಮ್ಮ."

"ಅದಕ್ಕೆ ನಾನು ಯಾಕೆ ಬೇಕು ಮಾರಾಯ? ಬಾಗಿಲಿನ ಗಂಟೆ ಒತ್ತಲು ಯಾರಾದರೂ ಆಗುತ್ತದೆ."

ಅಣ್ಣನ ಮುಖ ಸಣ್ಣದಾಯಿತು. ಅದನ್ನು ಕಂಡು ಅವರಿಗೂ ಕನಿಕರವಾಯಿತೋ ಏನೋ, ಇದನ್ನು ಕೂಡಲೇ ಬೇಡ ಎನ್ನುವುದಿಲ್ಲ, ಪರೀಕ್ಷೆ ಇಡುತ್ತೇನೆ, ಪಾಸಾದರೆ ಇಟ್ಟುಕೊಳ್ಳುತ್ತೇನೆ ಎಂದರು. ಇಲ್ಲವಾದರೆ ಅಣ್ಣ ರಜೆ ಮುಗಿಸಿ ಹೋಗುವಾಗ ಅದನ್ನು ವಾಪಸು ಕೊಂಡುಹೋಗಬೇಕು. ಪರೀಕ್ಷೆ ಎಂದರೆ ತಮಾಷೆಯಲ್ಲ. ಎರಡಕ್ಕೂ ಕಪ್ಪು ಬಿಳುಪು ಫಿಲ್ಮು, ಎರಡಕ್ಕೂ ಒಂದೇ ದೃಶ್ಯ. ಹಳೆಯದು ಅವರ ಹೆಗಲಿನಲ್ಲಿ, ಹೊಸದು ನನ್ನ ಕೈಯಲ್ಲಿ. ನಾನು ಆಗ ಉಡುಪಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೆ. ಆದರೆ ಆ ರಜೆಯಲ್ಲಿ ನನ್ನ ಹುದ್ದೆ ಪರೀಕ್ಷಾ ಸಾಮಗ್ರಿ ಹೊರುವುದು.

ಮೊದಲ ಪರೀಕ್ಷೆ ಕಾರ್ಕಳದ ಗೊಮ್ಮಟನ ಬೆಟ್ಟದಲ್ಲಿ. ಅಲುಗಾಡಬೇಡಿ ಎಂದು ದೊಡ್ಡಮ್ಮ ಹೇಳಬೇಕಾಗಿ ಬಾರದ ಒಬ್ಬನೇ ಒಬ್ಬ ಅಲ್ಲಿ ನಿಂತಿದ್ದ. ಅವನನ್ನು ನೋಡಿ ಅವರು ಮೆಚ್ಚಿ ತಲೆದೂಗಿದರು. ಎರಡನೆಯದು ಕಾಪುವಿನ ಕಡಲ ತೀರದಲ್ಲಿ. ಬುಟ್ಟಿ ಹೊತ್ತು ಬರುತ್ತಿದ್ದ ಮೀನು ಮಾರುವ ಹೆಂಗಸನ್ನು ದೊಡ್ಡಮ್ಮ ತಡೆದು, ಎಡಕ್ಕೆ, ಬಲಕ್ಕೆ, ಗಲ್ಲ ಮೇಲಕ್ಕೆ ಎಂದು ಬಹಳ ಹೊತ್ತು ನಿಲ್ಲಿಸಿದರು. ಫೋಟೊ ಆಗುವಷ್ಟರಲ್ಲಿ ಬಂಗುಡೆ ಹಳತಾಯಿತು, ಇನ್ನು ಇದನ್ನು ನೀವೇ ಕೊಳ್ಳಬೇಕು ಎಂದಳು ಆಕೆ. ಅಪ್ಪಟ ಸಸ್ಯಾಹಾರಿಯಾದ ದೊಡ್ಡಮ್ಮ ಹೇಳಿದ ಬೆಲೆ ಎಣಿಸಿ ಕೊಟ್ಟು ಕೊಂಡರು. ಆ ದಿನ ನಮ್ಮ ಮನೆಯಲ್ಲಿ ಒಳ್ಳೆಯ ಊಟ!

ಎರಡೂ ಫಿಲ್ಮು ಉಡುಪಿಯ ಸ್ಟುಡಿಯೋದಲ್ಲಿ ತೊಳೆದು ಬಂದವು. ಯಾವುದು ಯಾವ ಕ್ಯಾಮರಾದ್ದು ಎಂದು ತಿಳಿಸದೆ, ಫೋಟೊಗಳನ್ನು ಕಲಸಿ ಸ್ಟುಡಿಯೋದವರ ಮುಂದೆಯೇ ಹರಡಿ, ಮಾರ್ಕು ಹಾಕಿ ಎಂದರು ದೊಡ್ಡಮ್ಮ. ಸ್ಟುಡಿಯೋದವರು ಹೆಚ್ಚು ಮಾರ್ಕು ಹಾಕಿದ್ದೆಲ್ಲ ಹೊಸದಕ್ಕೆ. ದೊಡ್ಡಮ್ಮ ಸೋಲೊಪ್ಪಲಿಲ್ಲ. ಹಳೆಯದು ಸ್ವಂತ ಬುದ್ಧಿಯಿಂದ ಬರೆದಿದೆ, ಹೊಸದಕ್ಕೆ ಒಳಗಿನಿಂದ ಯಾರೋ ಉತ್ತರ ಹೇಳಿಕೊಡುತ್ತಿದ್ದಾರೆ ಎಂದರು. ಬ್ಯಾಟರಿಯನ್ನು ಅವರು ಕೊನೆಯವರೆಗೂ ಕಾಪಿ ಚೀಟಿ ಎಂದೇ ತಿಳಿದಿದ್ದರು.

ಇನ್ನು ಉಳಿದದ್ದು ಫ್ಲ್ಯಾಶಿನ ಪರೀಕ್ಷೆ. ಮೇ ತಿಂಗಳ ಮಧ್ಯಾಹ್ನ, ಸೆಕೆಗೆ ಕಿಟಕಿ ಬಾಗಿಲು ಮುಚ್ಚಿ ದೊಡ್ಡಪ್ಪ ಆರಾಮಕುರ್ಚಿಯಲ್ಲಿ ನಿದ್ದೆ ಹೋಗಿದ್ದರು. ದೊಡ್ಡಪ್ಪ ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದವರು, ಬಹಳ ಮಿತಭಾಷಿ. ದೊಡ್ಡಮ್ಮ ಎದುರು ನಿಂತು ಗುಂಡಿ ಒತ್ತಿದರು. ಛಕ್ಕೆಂದು ಕೋಣೆಯೆಲ್ಲ ಬೆಳಕು. ದೊಡ್ಡಪ್ಪ ಧಡಕ್ಕನೆ ಎದ್ದು, ಮಿಂಚು ಹೊಡೆಯಿತು, ಮಳೆ ಬಂತು ಎಂದು ಕೂಗುತ್ತಾ ಅಂಗಳಕ್ಕೆ ಓಡಿ, ಒಣಹಾಕಿದ್ದ ಮೆಣಸನ್ನೆಲ್ಲ ಚಾಪೆ ಸಮೇತ ಎಳೆದುಕೊಂಡು ಬಂದರು. ಹೊರಗೆ ಕಣ್ಣು ಕುಕ್ಕುವ ಬಿಸಿಲು! ಅಣ್ಣ, ನಾನು ಬಿದ್ದು ಬಿದ್ದು ನಕ್ಕೆವು.

ದೊಡ್ಡಮ್ಮ ಮಾತ್ರ ನಗಲಿಲ್ಲ. ದೊಡ್ಡಪ್ಪ ಜಗಲಿಯ ಮೆಟ್ಟಿಲಿನಲ್ಲಿ ಕುಳಿತವರು ಏಳಲಿಲ್ಲ. ಎದೆಯ ಮೇಲೆ ಕೈ ಇಟ್ಟುಕೊಂಡು ಉಸಿರಿಗಾಗಿ ಕಾಯುತ್ತಿದ್ದರು. ದೊಡ್ಡಮ್ಮ ನೀರು ತಂದುಕೊಟ್ಟು, ಅವರ ಬೆನ್ನು ಸವರುತ್ತಾ ಪಕ್ಕದಲ್ಲೇ ಕುಳಿತರು. ಮರುದಿನ ಬೆಳಿಗ್ಗೆ ಇಬ್ಬರೂ ಮಣಿಪಾಲಕ್ಕೆ ಹೊರಟರು. ಎಂತ ವಿಷಯ ಎಂದು ಕೇಳಿದ್ದಕ್ಕೆ, ಗುಡ್ಡದ ಮೇಲೆ ಗಾಳಿ ಚೆನ್ನಾಗಿ ಉಂಟಲ್ಲ ಎಂದಷ್ಟೇ ಹೇಳಿದರು ದೊಡ್ಡಮ್ಮ. ಕ್ಯಾಮರಾ ಎರಡನ್ನೂ ಮನೆಯಲ್ಲೇ ಬಿಟ್ಟು ಹೋಗಿದ್ದರು. ನನಗೆ ಆಗಲೇ ತಿಳಿಯಬೇಕಿತ್ತು.

ಅಲ್ಲಿಂದ ಪರೀಕ್ಷೆಯ ಮಾತೇ ಇಲ್ಲ. ಅಣ್ಣನ ರಜೆ ಮುಗಿಯುತ್ತಾ ಬಂತು. ತೀರ್ಮಾನ ಕೇಳಲು ಅವನಿಗೆ ಧೈರ್ಯ ಸಾಲದು. ಒಂದು ಸಂಜೆ ದೊಡ್ಡಮ್ಮನೇ ನಮ್ಮ ಮನೆಗೆ ಬಂದು, ಹೊಸ ಕ್ಯಾಮರಾದ ಮುಂಭಾಗದಲ್ಲಿರುವ ಸಣ್ಣ ಕೆಂಪು ದೀಪ ಎಂತಕ್ಕೆ ಎಂದು ಅವನನ್ನು ಕೇಳಿದರು. ಕ್ಯಾಮರಾವನ್ನು ಎಲ್ಲಾದರೂ ಇಟ್ಟು ಅದಕ್ಕೆಂದೇ ಇರುವ ಬೇರೆ ಗುಂಡಿ ಒತ್ತಿದರೆ ಆ ದೀಪ ಸ್ವಲ್ಪ ಹೊತ್ತು ಮಿನುಗುತ್ತದೆ, ಅಷ್ಟರಲ್ಲಿ ತೆಗೆಯುವವರೂ ಓಡಿಹೋಗಿ ಫೋಟೊದಲ್ಲಿ ನಿಲ್ಲಬಹುದು ಎಂದ ಅಣ್ಣ. ದೊಡ್ಡಮ್ಮ ಅದನ್ನು ಅವನಿಂದ ಎರಡು ಸಲ ಹೇಳಿಸಿಕೊಂಡರು.

ಮರುದಿನ ದೊಡ್ಡಪ್ಪನನ್ನು, ನನ್ನನ್ನು ಕರೆದುಕೊಂಡು ಕಡಲ ತೀರಕ್ಕೆ ಹೋದರು. ನನ್ನನ್ನು ಯಾಕೆ ಕರೆದರೋ, ಕ್ಯಾಮರಾ ಮುಟ್ಟಲು ಬಿಡಲಿಲ್ಲ. ಬಂಡೆಯೊಂದರ ಮೇಲೆ ಅದನ್ನಿಟ್ಟು, ದೀಪಸ್ತಂಭದ ಎದುರು ದೊಡ್ಡಪ್ಪನನ್ನು ನಿಲ್ಲಿಸಿ, ಗುಂಡಿ ಒತ್ತಿ, ಸೀರೆಯ ನೆರಿಗೆ ಎತ್ತಿಕೊಂಡು ಮರಳಿನಲ್ಲಿ ಓಡಿದರು. ನಾಚಿಕೆಯ ಮನುಷ್ಯ ದೊಡ್ಡಪ್ಪ. ಮೂರನೆಯವರೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟೇ ನಿಂತರು.

ದೊಡ್ಡಮ್ಮ, ನಾನು ಉಡುಪಿಯ ಸ್ಟುಡಿಯೋಕ್ಕೆ ಹೋಗಿ ನೋಡಿದ ಫೋಟೊದಲ್ಲಿ ದೀಪಸ್ತಂಭದ ಗೋಡೆಯ ಕಲೆಗಳೂ ಸ್ಪಷ್ಟವಾಗಿ ಕಾಣುತ್ತಿದ್ದವು. ಅದರ ಎರಡು ಬದಿಯಲ್ಲಿ ಹೊಗೆಯಂಥ ಎರಡು ಆಕೃತಿಗಳು. ಈ ಕ್ಯಾಮರಾ ನಟ್ಟನಡುವೆ ಏನಿದೆಯೋ ಅದರ ದೂರವನ್ನೇ ಅಳೆಯುತ್ತದೆ, ನಡುವೆ ಜಾಗ ಬಿಟ್ಟರೆ ಹಿಂದಿನದ್ದೇ ಅದಕ್ಕೆ ಮುಖ್ಯ ಎಂದು ಸ್ಟುಡಿಯೋದವರು ವಿವರಿಸಿದರು. ನಾನು ನಗಲು ಹೊರಟೆ. ದೊಡ್ಡಮ್ಮ ಆಗಲೇ ಫೋಟೊವನ್ನು ಚೀಲಕ್ಕೆ ಹಾಕಿಕೊಂಡು ಹೊರಟಿದ್ದರು. ಬಸ್ಸಿನಲ್ಲಿ ಕಟಪಾಡಿ ದಾಟುವಾಗ, ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು. ದೊಡ್ಡಪ್ಪನಿಗೆ ಎದೆಯ ಆಪರೇಷನ್ ಆಗಬೇಕು, ನಾಳೆಯೇ ಮಣಿಪಾಲದ ಆಸ್ಪತ್ರೆಗೆ ಸೇರಿಸುವುದು. ಇಷ್ಟು ವರ್ಷ ಊರಿನವರ ಫೋಟೊ ಎಲ್ಲ ತೆಗೆದದ್ದಾಯಿತು, ಅವರಿಬ್ಬರೂ ಒಟ್ಟಿಗೆ ಇರುವ ಫೋಟೊ ಮಾತ್ರ ಒಂದೂ ಇಲ್ಲ.

ಮನೆಗೆ ಬಂದವರೇ ಅಂಗಳದಲ್ಲಿ ಸ್ಟೂಲು ಇಟ್ಟು, ಅದರ ಮೇಲೆ ಕ್ಯಾಮರಾ ಇಟ್ಟರು. ಸೂರ್ಯ ಎಲ್ಲಿದ್ದಾನೆ ಎಂದು ನೋಡಲಿಲ್ಲ. ದೊಡ್ಡಪ್ಪ ಮತ್ತೆ ದೂರವೇ ನಿಂತರು. ದೊಡ್ಡಮ್ಮ ಗುಂಡಿ ಒತ್ತಿ ಪಕ್ಕಕ್ಕೆ ಹೋದರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಇನ್ನೂ ಸ್ವಲ್ಪ ಹತ್ತಿರ ಬನ್ನಿ. ಇಲ್ಲದಿದ್ದರೆ ನಾವಿಬ್ಬರೂ ಕಾಣುವುದಿಲ್ಲ."

ಆಪರೇಷನ್ ಸರಿಯಾಗಿ ನಡೆಯಿತು. ಅಣ್ಣ ಕ್ಯಾಮರಾ ಬಿಟ್ಟು ದುಬೈಗೆ ಹೋದ. ದೊಡ್ಡಪ್ಪ ಮನೆಗೆ ಬಂದು ನಡೆದಾಡುವಂತಾದ ಮೇಲೆ ನಾನೇ ಹೋಗಿ ಆ ಫೋಟೊ ತಂದುಕೊಟ್ಟೆ. ಇಬ್ಬರೂ ಸ್ಪಷ್ಟವಾಗಿ ಬಂದಿದ್ದರು. ದೊಡ್ಡಪ್ಪ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನಾನು ಅಷ್ಟು ಹೆದರಿದ್ದೆನಾ? ನಿನ್ನ ಕೈಯನ್ನು ಎಷ್ಟು ಗಟ್ಟಿ ಹಿಡಿದಿದ್ದೇನೆ ನೋಡು."

ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಫೋಟೊದ ಮೇಲೆ ಬಾಗಿದರು.

"ಸರಿಯಾಗಿ ನೋಡಿ. ಹಿಡಿದುಕೊಂಡದ್ದು ನಾನು."