ಗೌಡರ ಪರವಾಗಿ ಉಂಡವನು

ಒಬ್ಬರ ಚುನಾವಣೆಯನ್ನು ನಾನು ಕೆಡಿಸಿದ್ದೇನೆ. ಚಾಡಿ ಹೇಳಿ ಅಲ್ಲ, ದುಡ್ಡು ತಿಂದೂ ಅಲ್ಲ. ಬರೀ ರೊಟ್ಟಿ ತಿಂದು. ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ, ಈಗ ಹೇಳಿಬಿಡುತ್ತೇನೆ.

ಆಗ ನಾನು ಹಳಿಯಾಳದ ಕಚೇರಿ ಮುಂದೆ ಮರದ ಕೆಳಗೆ ಕೂತು ಅರ್ಜಿ ಬರೆಯುತ್ತಿದ್ದೆ. ಬಸಲಿಂಗನಗೌಡರು ಮೊದಲ ಸಲ ಅಸೆಂಬ್ಲಿಗೆ ನಿಂತಿದ್ದರು. ದಾಂಡೇಲಿಯ ಕೂಲಿಯವನ ಹೆಸರಿರಲಿ, ಅವನ ಅಪ್ಪನ ಹೆಸರನ್ನೂ ನೆನಪಿಟ್ಟುಕೊಳ್ಳುವ ಮನುಷ್ಯ. ದೇವರು ಎಲ್ಲ ಕೊಟ್ಟು ಹೊಟ್ಟೆಯಲ್ಲಿ ಮಾತ್ರ ಪಿತ್ತ ಇಟ್ಟಿದ್ದ. ನಮ್ಮ ಕಡೆ ಓಟು ಕೇಳಲು ಹೋದವನು ಬಾಗಿಲಲ್ಲೇ ಕೈಮುಗಿದು ಬರುವಂತಿಲ್ಲ, ಒಳಗೆ ಕೂತು ರೊಟ್ಟಿ ಮುರಿಯಬೇಕು. ಪ್ರಚಾರದ ಎರಡನೆಯ ದಿನಕ್ಕೇ ಗೌಡರು ಜೀಪಿನಲ್ಲಿ ಅಡ್ಡಾದರು, ಮರುದಿನ ನನ್ನ ಮರದ ಕೆಳಗೆ ಬಂದರು.

"ರಾಯರ, ನನ್ನ ಕೂಡ ಬರ್ರಿ" ಎಂದರು. "ನಾ ಮಾತಾಡ್ತೇನಿ, ನೀವು ಉಣ್ರಿ."

ಇಂಥ ನೌಕರಿ ಯಾರಿಗೆ ಬೇಡ? ನನ್ನ ಹೆಂಡತಿ ಮಾತ್ರ, "ಮನ್ಯಾಗ ಎರಡನೇ ರೊಟ್ಟಿಗೆ ಮಾರಿ ಸಿಂಡರಿಸ್ತೀರಿ, ಹೊರಗ ಹೆಂಗ ಇಳೀತೈತ್ರಿ?" ಎಂದಳು. ಇಳಿಯುತ್ತಿತ್ತು. ಮುಂಡಗೋಡದ ದಾರಿಯ ಒಂದು ಹಳ್ಳಿಯಲ್ಲಿ ಗಂಗವ್ವ ಎಂಬ ಮುದುಕಿಯ ಮನೆ. ಆ ಹಳ್ಳಿಯಲ್ಲಿ ಅವಳು ಹೇಳಿದ ಕಡೆ ಎಲ್ಲರ ಓಟು. ಗೌಡರು ಒಂದು ತುತ್ತನ್ನು ತುಟಿಗೆ ಮುಟ್ಟಿಸಿ ರಸ್ತೆ, ಬಾವಿ, ಸಾಲೆ ಎಂದು ಮಾತಾಡಿದರು. ನಾನು ಐದು ರೊಟ್ಟಿ, ಎಣ್ಣೆಗಾಯಿ, ಮೇಲೆ ಮಜ್ಜಿಗೆ ಅನ್ನ. ಗಂಗವ್ವ ಗೌಡರ ಮಾತನ್ನು ಕೇಳಲೇ ಇಲ್ಲ, ನನ್ನ ತಾಟನ್ನೇ ನೋಡುತ್ತಿದ್ದಳು.

ಆಗ ಓಟಿನ ಚೀಟಿ ಹಾಕಲು ಅಭ್ಯರ್ಥಿಗೊಂದು ಪೆಟ್ಟಿಗೆ ಇಟ್ಟು, ಅದರ ಮೇಲೆ ಅವನ ಗುರುತಿನ ಚಿತ್ರ ಅಂಟಿಸುತ್ತಿದ್ದರು. ಗೌಡರು ಸೋತರು, ಸ್ವಲ್ಪದರಲ್ಲೇ. ಆ ಹಳ್ಳಿಯೊಂದು ಕೈ ಹಿಡಿದಿದ್ದರೆ ಗೆಲ್ಲುತ್ತಿದ್ದರು. ಆದರೆ ಅಲ್ಲಿಯವರು ಯಾರಿಗೂ ಓಟು ಹಾಕಿರಲಿಲ್ಲ. ಸಂತೆಯಲ್ಲಿ ಸಿಕ್ಕ ಗಂಗವ್ವನನ್ನು ಯಾಕೆಂದು ಕೇಳಿದೆ.

"ಉಂಡಾವ ನೀನು. ನಿನ್ನ ಪೆಟ್ಟಗಿ ಅಲ್ಲಿ ಇರಲಿಲ್ಲ. ಉಣ್ಣದಾವ್ರಿಗೆ ಹೆಂಗ ಹಾಕೂಣು? ತಿರುಗಿ ಬಂದ್ವಿ."

ಗೌಡರು ಮನೆ ಮಾರಿಕೊಳ್ಳುವ ಸ್ಥಿತಿಯಲ್ಲಿದ್ದರು. "ಆ ಹಳ್ಳಿಯವರು ಯಾಕ ಹಿಂಗ ಮಾಡಿದ್ರು ರಾಯರ?" ಎಂದು ಅವರು ಕೇಳಿದಾಗ, ದಾರಿಯಲ್ಲಿ ಹಳ್ಳ ತುಂಬಿ ಬಂದಿತ್ತಂತೆ ಎಂದುಬಿಟ್ಟೆ. ಬೇಸಿಗೆಯಲ್ಲಿ ಯಾವ ಹಳ್ಳ? ಪಾಪ, ನಂಬಿದರು. ಹೇಳಲು ನಾಚಿಕೆಯಾಗಿತ್ತು. ನಿಜ ಹೇಳಬೇಕೆಂದರೆ, ಒಳಗೊಳಗೆ ಖುಷಿಯೂ ಆಗಿತ್ತು.

ಮುಂದಿನ ಚುನಾವಣೆಗೆ ಮೊದಲು ತಡೆಯಲಾರದೆ ಇಷ್ಟು ಮಾತ್ರ ಹೇಳಿದೆ: "ಗೌಡ್ರ, ಈ ಸಲ ನೀವೇ ಉಣ್ರಿ." ಉಂಡರು. ಕಣ್ಣಲ್ಲಿ ನೀರು ಬಂದರೂ ಉಂಡರು. ಜೋಯಿಡಾದ ಕಾಡಿನ ಮನೆಗಳಲ್ಲಿ ಗಂಜಿ ಕುಡಿದರು, ಗಂಗವ್ವನ ಮನೆಯಲ್ಲಿ ಮೂರು ರೊಟ್ಟಿ ಮುಗಿಸಿದರು. ಅಷ್ಟರಲ್ಲಿ ಪೆಟ್ಟಿಗೆ ಹೋಗಿ, ಒಂದೇ ಚೀಟಿಯ ಮೇಲೆ ಎಲ್ಲರ ಗುರುತಿನ ಚಿತ್ರ ಬಂದಿತ್ತು. ಓಟು ಹಾಕಿ ಹೊರಬಂದ ಗಂಗವ್ವ ನನ್ನನ್ನು ಕಂಡು ನಿಂತಳು.

"ಈ ಸಲಾನೂ ನಿನ್ನ ಹುಡುಕಿದೆ, ಇರಲಿಲ್ಲ. ಗೌಡ್ರಿಗೇ ಹಾಕೇನಿ. ಪಾಪ, ಉಂಡಾರ."

ಗೌಡರು ಗೆದ್ದರು. ಅವರ ಪಿತ್ತವೂ ಅಂದಿನಿಂದ ಮಾಯ. ಹಾರಗಳಲ್ಲಿ ಅವರ ಮುಖ ಮುಳುಗಿರುವಾಗ ನನಗೆ ಎದೆಯಲ್ಲಿ ಉರಿ, ಬಾಯಲ್ಲಿ ಹುಳಿತೇಗು. ಮನೆಗೆ ಬಂದು ಹೆಂಡತಿಗೆ ಪಿತ್ತ ಕೆರಳಿದೆ ಎಂದೆ.

"ಏನ್ ತಿಂದೀರಿ?" ಎಂದಳು.

"ಏನೂ ಇಲ್ಲ. ಈ ಸಲ ನನ್ನ ಯಾರೂ ಉಣ್ಣಾಕ ಕರೀಲಿಲ್ಲ."

"ಅದಕ್ಕಽ ಅದು" ಎಂದು ಮಜ್ಜಿಗೆಯ ತಂಬಿಗೆ ಮುಂದಿಟ್ಟಳು.